ಅರಿಶಿಣ ಹಚ್ಚಿದ ಕ್ಯಾಟಲಾಗು

ನನ್ನ ಮಾವ ಮನ್ಮಥಪ್ಪನವರದು ಉದಗೀರದಲ್ಲಿ ಕಾಳುಕಡಿಯ ಅಂಗಡಿ. ಅಂಗಡಿಯ ಹಿಂದೆ ಒಂದು ಕೋಣೆ, ನಮ್ಮ ಮಾತಿನಲ್ಲಿ ಕೋಲಿ, ಅದೇ ನನ್ನ ಕಾರಖಾನೆ. ಕಾರಖಾನೆ ಎಂದರೆ ಚಿಮಣಿ, ಹೊತ್ತುಹೊತ್ತಿಗೆ ಕೂಗುವ ಭೋಂಗಾ ಎಂದೆಲ್ಲ ತಿಳಿಯಬೇಡಿ. ಒಂದು ಹೊಲಿಗೆ ಯಂತ್ರ, ದರ್ಜಿಗಳಿಂದ ಆರಿಸಿ ತಂದ ಚಿಂದಿ ಬಟ್ಟೆಯ ಗಂಟು, ಮೂಲೆಯಲ್ಲಿ ಬಡಿಗೇರ ದಿಗಂಬರ ಕಾಕಾನ ಉಳಿ, ಗರಗಸ. ನಾನು ಬಟ್ಟೆಯ ಗೊಂಬೆ ಹೊಲಿಯುತ್ತಿದ್ದೆ, ಕಾಕಾ ಕಟ್ಟಿಗೆಯ ಎತ್ತಿನ ಬಂಡಿ, ಗಾಲಿ ಕುದುರೆ, ಬುಗುರಿ ಮಾಡುತ್ತಿದ್ದ. ಸಂತೆಯ ದಿನ ಅವು ಚೆನ್ನಾಗಿಯೇ ಮಾರಾಟವಾಗುತ್ತಿದ್ದವು. ಆದರೆ ಮಾವನ ಲೆಕ್ಕದಲ್ಲಿ ಅದು ವ್ಯಾಪಾರವಲ್ಲ, ಸೊಸೆಯ ಆಟ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ನಮ್ಮ ತಾಲೂಕುಗಳು ಹೈದರಾಬಾದು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ, ದೀಪಾವಳಿ ಮುಗಿದ ವಾರದಲ್ಲಿ, ಮಾವ ಕೋಲಿಯ ಹೊಸ್ತಿಲಿಗೆ ಬಂದು ನಿಂತರು.

“ಈ ಸಲ ತೊಗರಿ ಭಾಳ ಬರೂದದ. ಚೀಲ ಇಡ್ಲಿಕ್ಕ ಕೋಲಿ ಬೇಕು,” ಎಂದರು.

ನಮ್ಮ ಮನೆಯವರು, ಹೆಸರು ಹೇಳಲೇಬೇಕೆಂದರೆ ನಾಗನಾಥ, ಅಪ್ಪನ ಎದುರು ಬಾಯಿ ಬಿಚ್ಚುವ ಪೈಕಿ ಅಲ್ಲ. ಆ ದಿನ ಅದೆಲ್ಲಿಂದ ಧೈರ್ಯ ಬಂತೋ. “ಅಪ್ಪಾ, ಮುಂದಿನ ತಿಂಗಳ ಸೊಲ್ಲಾಪುರದಾಗ ಆಟಿಗಿ ಸಾಮಾನಿನ ಪ್ರದರ್ಶನ ಅದ್ರಿ. ಪುಣಾ, ಮುಂಬಯಿ ವ್ಯಾಪಾರಿಗಳು ಬರ್ತಾರಂತ. ನಮ್ಮದೂ ಒಂದು ಅಂಗಡಿ ಹಚ್ಚಿ ನೋಡೂಣು,” ಎಂದರು.

ಮಾವ ನನ್ನ ಕೈಯಲ್ಲಿದ್ದ ಅರ್ಧ ಹೊಲಿದ ಗೊಂಬೆಯನ್ನು ನೋಡಿದರು. “ಹಚ್ರಿ. ಆದ್ರ ಒಂದು ಮಾತು. ಮುಲಾಜಿಗಿ ಬಿದ್ದು ತಗೊಳ್ಳಾವ್ರ ಆರ್ಡರ್ ನಾ ಹಿಡಿಯಾಂಗಿಲ್ಲ. ಬೀಗರು, ನೆಂಟರು ಮಾರಿ ನೋಡಿ ತಗೋತಾರ. ಅದು ವ್ಯಾಪಾರ ಅಲ್ಲ. ಖರೇ ಗಿರಾಕಿ ಬಂದು ಖರೇ ಆರ್ಡರ್ ಕೊಟ್ರ ಕೋಲಿ ನಿಂದು. ಇಲ್ಲಾಂದ್ರ ತೊಗರಿದು.”

ನಾನು ಸೆರಗು ಸರಿಮಾಡಿಕೊಂಡು “ಆಯ್ತ್ರಿ ಮಾವಾರ” ಎಂದೆ. ಒಳಗೊಳಗೆ ಮಾತ್ರ, ತೋರಿಸ್ತೀನಿ ತಡೀರಿ, ಎಂದುಕೊಂಡೆ.

ಸೊಲ್ಲಾಪುರಕ್ಕೆ ಹೋಗಿ ಜಾಗ ಗೊತ್ತುಮಾಡಿ ಬಂದ ನಮ್ಮ ಮನೆಯವರು ಚೀಲದಿಂದ ಒಂದು ಪುಸ್ತಿಕೆ ತೆಗೆದು ನನ್ನ ಮುಂದಿಟ್ಟರು. ಮುಂಬಯಿಯ ಯಾವುದೋ ಕಂಪನಿಯದು. ನಯವಾದ ಕಾಗದ, ಪುಟಪುಟಕ್ಕೂ ತಗಡಿನ ಮೋಟಾರಿನ ಚಿತ್ರ, ಕೆಳಗೆ ಅಳತೆ, ದರ.

“ಇದಕ್ಕ ಕ್ಯಾಟಲಾಗು ಅಂತಾರ. ದೊಡ್ಡ ವ್ಯಾಪಾರಿ ನಿಂತ ಕಾಲ ಮ್ಯಾಲ ಆರ್ಡರ್ ಕೊಡಂಗಿಲ್ಲ. ಇದನ್ನ ಒಯ್ತಾನ, ಸಾವಕಾಶ ಕೂತು ನೋಡ್ತಾನ, ಮರುದಿನ ಬರ್ತಾನ. ಕ್ಯಾಟಲಾಗು ಇರಲಾರದ ಅಂಗಡಿ ಕಡಿ ಹೊಳ್ಳಿ ಸುದ್ದಾ ನೋಡಂಗಿಲ್ಲ,” ಎಂದರು.

ನನ್ನ ಗೊಂಬೆ ಅಚ್ಚಾಗುತ್ತದೆ. ಮುಂಬಯಿಯವ ಯಾರೋ ಅದನ್ನು ಕೈಯಲ್ಲಿ ಹಿಡಿದು ಪುಟ ತಿರುವುತ್ತಾನೆ. ಅದನ್ನು ನೆನೆಸಿಕೊಂಡೇ ಆ ದಿನ ನಾನು ಬೇಳೆ ಸೀಯಿಸಿಬಿಟ್ಟೆ.

ನಿಲಂಗಾದಲ್ಲಿ ನನ್ನ ಸೋದರಮಾವ ಕಲ್ಯಾಣಪ್ಪನ ಛಾಪಖಾನೆ ಇತ್ತು. ಕಾಲಿನಿಂದ ತುಳಿದು ನಡೆಸುವ ಒಂದೇ ಯಂತ್ರ. ಸೊಲ್ಲಾಪುರದಿಂದ ತರಿಸಿದ ನಯವಾದ ಕಾಗದದ ಗಂಟು ಕಟ್ಟಿಕೊಂಡು ನಾನು ನಿಲಂಗಾಕ್ಕೆ ಹೋಗುವ ಸರ್ವಿಸ್ ಮೋಟಾರು ಹತ್ತಿದೆ. ಚಿತ್ರದ ಬ್ಲಾಕು ಊರಲ್ಲಿ ಮಾಡುವವರಿರಲಿಲ್ಲ. ದಿಗಂಬರ ಕಾಕಾ ತಾನೇ ತೇಗದ ತುಂಡುಗಳಲ್ಲಿ ಒಂದೊಂದೇ ಚಿತ್ರ ಕೆತ್ತಿಕೊಟ್ಟಿದ್ದ. ಮಾಮಾ ಎತ್ತಿನ ಬಂಡಿಯ ತುಂಡಿಗೆ ಮಸಿ ಹಚ್ಚಿ ಕಾಗದ ಒತ್ತಿ ತೆಗೆದ. ಬಲಕ್ಕೆ ಹೊರಟಿದ್ದ ಬಂಡಿ ಎಡಕ್ಕೆ ಹೊರಟಿತ್ತು.

“ಊರಿಗಿ ಹೊಂಟ ಎತ್ತು ಹೊಲಕ್ಕ ಹೊಂಟಾವಲ್ಲೇ ತಂಗಿ,” ಎಂದು ಮಾಮಾ ನಕ್ಕ.

“ಯಾವ ಕಡಿಗ್ಯಾರ ಹೋಗಲಿ. ನಡದ್ರ ಸಾಕು,” ಎಂದೆ. ಖರೇ ಹೇಳುತ್ತೇನೆ, ಆ ಕರಿ ಮಸಿಯ ಬಂಡಿ ನನಗೆ ಮುಂಬಯಿಯ ಬಣ್ಣದ ಮೋಟಾರಿಗಿಂತ ಚೆಂದ ಕಂಡಿತು.

ಜಗಳ ಹತ್ತಿದ್ದು ಮೊದಲನೆಯ ಪ್ರೂಫು ಬಂದಾಗ. ಮಾಮಾನ ಛಾಪಖಾನೆಯ ಅನ್ನ ಲಗ್ನಪತ್ರಿಕೆಯದು. ತುಳಸಿ ಲಗ್ನ ಮುಗಿಯಿತೆಂದರೆ ಅವನಿಗೆ ಬೇರೆ ಕೆಲಸವಿಲ್ಲ, ಬೇರೆ ಕೆಲಸ ಬರುವುದೂ ಇಲ್ಲ. ಅವನ ಹತ್ತಿರ ಇದ್ದದ್ದು ಮರಾಠಿಯ ಅಚ್ಚುಮೊಳೆ, ಕನ್ನಡದ್ದು ಇರಲಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಮನೆಯ ಮಾತು ಕನ್ನಡವಾದರೂ ಅಂಗಡಿಯ ಬರವಣಿಗೆ ನಮ್ಮದೆಲ್ಲ ಮರಾಠಿಯೇ. ಆದರೆ ಪುಟದ ಸುತ್ತ ಬಾಳೆಕಂಬ, ತೋರಣ. ಮೇಲೆ ಬಸವಣ್ಣ. ನಡುವೆ ಬಾಸಿಂಗ ಕಟ್ಟಿದ ನನ್ನ ಗಂಡುಹೆಣ್ಣು ಗೊಂಬೆಗಳ ಜೋಡಿ. ಕೆಳಗೆ ‘ತಾವೆಲ್ಲರೂ ಸಕುಟುಂಬ ಸಪರಿವಾರ ಆಗಮಿಸಬೇಕಾಗಿ ವಿನಂತಿ’. ಅದರ ಕೆಳಗೆ ಸೊಲ್ಲಾಪುರದ ವಿಳಾಸ, ತಾರೀಖು. ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮಂತ್ರಕ: ಶ್ರೀ ಮನ್ಮಥಪ್ಪ, ಉದಗೀರ’. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ನನ್ನ ಮಾಮಾ.

“ಮಾಮಾ, ಇದು ಆಟಿಗಿ ಸಾಮಾನಿನ ಪುಸ್ತಕ. ಯಾರ ಲಗ್ನಾನೂ ಇಲ್ಲ.”

“ಗೊಂಬಿ ಲಗ್ನ ಅದಲ್ಲ,” ಎಂದ ಅವ, ಮೊಳೆ ಜೋಡಿಸುವ ಕೈ ನಿಲ್ಲಿಸದೆ. “ಮಂದೀನ ಬರ್ರಿ ಅಂತ ಕರೀಲಿಕತ್ತೀ ಹೌದಿಲ್ಲ? ಕರಿಯೂ ಕಾಗದಕ್ಕ ತೋರಣ ಬೇಕು. ಕೆಳಗ ಹಿರಿಯರ ಹೆಸರು ಬೇಕು. ಕರದವ್ರು ಯಾರು ಅಂತ ಗೊತ್ತಾಗಬ್ಯಾಡೇನು?”

“ಅವ್ರು ಕರದಿಲ್ಲ, ನಾ ಕರದೀನಿ.”

“ಹಂಗಾರ ಇನ್ನೊಂದು ಛಾಪಖಾನಿ ನೋಡ್ಕೊ.”

ಇನ್ನೊಂದು ಛಾಪಖಾನೆ ಎಲ್ಲಿಂದ ತರಲಿ? ಪ್ರದರ್ಶನ ಹತ್ತಿರ ಬಂದಿತ್ತು. ನಾನು ಹಲ್ಲು ಕಚ್ಚಿ ಒಪ್ಪಿಕೊಂಡೆ. ಆದರೆ ಒಳಗಿನ ಪುಟಗಳಲ್ಲಿ ಒಂದು ಬಾಳೆ ಎಲೆಯೂ ಕಾಣಕೂಡದು, ಬರೀ ಚಿತ್ರ, ಅಳತೆ, ದರ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಮಾಮಾ ಯಂತ್ರ ತುಳಿದ, ನಾನು ಕಾಗದ ಹಾಕಿಕೊಟ್ಟೆ. ಖಟ್ ಖಟ್ ಎಂದು ಒಂದೊಂದೇ ಪುಟ ಹೊರಗೆ ಬೀಳುವಾಗ ನನಗೆ ಊಟ ನಿದ್ದೆ ಯಾವುದೂ ನೆನಪಿರಲಿಲ್ಲ. ಕೈಯೆಲ್ಲ ಮಸಿ, ಮೂಗಿನ ಮೇಲೂ ಮಸಿ. ಮಡಚಿ, ಹೊಲಿದು, ಅಂಚು ಕತ್ತರಿಸಿ ಎಲ್ಲ ಪುಸ್ತಿಕೆಗಳನ್ನು ಒಟ್ಟಿಗೆ ಕಟ್ಟಿದಾಗ ಗಂಟನ್ನು ಎದೆಗವಚಿಕೊಂಡೆ. ಅಷ್ಟು ಸಂತೋಷ ನನಗೆ ನನ್ನ ಲಗ್ನದ ದಿನವೂ ಆಗಿರಲಿಲ್ಲ, ಬೇಕಾದರೆ ನಮ್ಮ ಮನೆಯವರಿಗೆ ಹೇಳಿ.

ಆ ಸಂತೋಷದಲ್ಲೇ ಗಂಟನ್ನು ಒಯ್ದು ಮಾಮಾನ ಮನೆಯ ದೇವರ ಜಗಲಿಯ ಕೆಳಗಿನ ಹಲಗೆಯ ಮೇಲಿಟ್ಟು ಕೈ ಮುಗಿದೆ. ಮರುದಿನ ಮುಂಜಾನೆಯ ಮೋಟಾರಿಗೆ ಹೊರಡುವುದಿತ್ತು. ಅಂದು ಸಂಜೆ ನೀಲಕಂಠೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಬಂದು ನೋಡಿದರೆ ಹಲಗೆ ಖಾಲಿ.

“ಆಯಿ, ಇಲ್ಲಿ ನನ್ನ ಗಂಟಿತ್ತಲ್ಲ?”

ಆಯಿ ಎಂದರೆ ಮಾಮಾನ ತಾಯಿ, ನನ್ನ ಅಜ್ಜಿ ಭಾಗೀರಥಿಬಾಯಿ. ಅವಳು ಅರಿಶಿಣವಾದ ಬೆರಳು ಸೆರಗಿಗೆ ಒರೆಸಿಕೊಳ್ಳುತ್ತ, “ಅಯ್ಯನವ್ರು ಬಂದಿದ್ರವ್ವ. ಒಯ್ದರು,” ಎಂದಳು. ಜೋಳದ ಹಿಟ್ಟು ಕೊಟ್ಟು ಕಳಿಸಿದೆ ಎನ್ನುವಷ್ಟೇ ಸಲೀಸಾಗಿ.

ಆ ಮನೆಯ ಪದ್ಧತಿ ನನಗೆ ಗೊತ್ತಿರಲಿಲ್ಲ. ಅಚ್ಚಾದ ಲಗ್ನಪತ್ರಿಕೆ ಜಗಲಿಯ ಕೆಳಗಿನ ಹಲಗೆಗೆ ಬಂತೆಂದರೆ ಅದು ಹಂಚಲು ತಯಾರಾಯಿತು ಎಂದರ್ಥ. ಆಯಿ ಪ್ರತಿಯೊಂದರ ನಾಲ್ಕು ಮೂಲೆಗೂ ಅರಿಶಿಣ ಕುಂಕುಮ ಹಚ್ಚುತ್ತಾಳೆ. ಅಯ್ಯನವರು, ಎಂದರೆ ಮಠದ ರಾಚಯ್ಯನವರು, ಭಿಕ್ಷೆಗೆ ಊರೂರು ತಿರುಗುವಾಗ ಅಕ್ಷತೆಯ ಜೊತೆ ಮನೆಮನೆಗೆ ಮುಟ್ಟಿಸುತ್ತಾರೆ. ಓದು ಬಾರದ ಆಯಿಗೆ ಬಾಸಿಂಗದ ಜೋಡಿ ಕಂಡಿತು, ಬಾಳೆಕಂಬ ಕಂಡಿತು. ಇನ್ನೇನು ಬೇಕು?

“ಯಾರ್ಯಾರಿಗೆ ಕೊಡ್ರಿ ಅಂದಿ?” ಮಾಮಾ ಕೇಳಿದ. ಅವನ ಮುಖ ಬಿಳುಚಿತ್ತು.

“ಯಾರ್ಯಾರಿಗೆ ಅಂದ್ರ? ನಮ್ಮ ಸುಗಂಧಾನ ಕಾಗದ ಅಂದ ಮ್ಯಾಲ ನಮ್ಮವರಿಗೆಲ್ಲ. ಉಮರಗಾ, ಮುರುಮ, ಯೆಣೆಗೂರ. ವಲಾಂಡಿ ಉದಗೀರ ಕಡಿದು ಇನ್ನೊಬ್ರು ಅಯ್ಯನವರ ಕೈಯಾಗ ಕಳಸ್ತೀನಿ ಅಂದಾರ.”

ಆ ಸುಗಂಧಾ ಎಂದರೆ ನಾನೇ. ನಾನು ಅಳಲಿಲ್ಲ, ಸಿಟ್ಟು ಬಂದಾಗ ನನಗೆ ಅಳು ಬರುವುದಿಲ್ಲ. ಕಾಗದ ಉಳಿದಿರಲಿಲ್ಲ, ಮೊಳೆಗಳನ್ನು ಬಿಚ್ಚಿ ಖಾನೆಗೆ ಹಾಕಿಯಾಗಿತ್ತು. ಮತ್ತೊಮ್ಮೆ ಅಚ್ಚು ಮಾಡುವ ಮಾತೇ ಇಲ್ಲ. ಮಾಮಾ ಛಾಪಖಾನೆಗೆ ಬೀಗ ಜಡಿದು ಎರಡೆರಡು ಸಲ ಎಳೆದು ನೋಡಿದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ. ಬೆಳಗಾಗುತ್ತಲೇ ಇಬ್ಬರೂ ಉಮರಗಾದ ಮೋಟಾರಿಗೆ ಓಡಿದೆವು.

ಉಮರಗಾದಲ್ಲಿ ಇಳಿದರೆ ರಾಚಯ್ಯನವರು ಆಗಲೇ ಬಂದು ಹೋಗಿದ್ದರು. ಅರಿವೆ ಅಂಗಡಿಯವರ ಗಲ್ಲಾಪೆಟ್ಟಿಗೆಯ ಮೇಲೆ ನನ್ನ ಕ್ಯಾಟಲಾಗು ಕೂತಿತ್ತು, ನಾಲ್ಕು ಮೂಲೆಗೂ ಹಳದಿ. ಕೈ ಚಾಚಿದೆ. ಅಂಗಡಿಯವರು ಅದನ್ನು ಹಿಂದಕ್ಕೆ ಸರಿಸಿದರು. ಕಾಳಿನ ಅಂಗಡಿಗೆ ಹೋದೆವು, ಅಲ್ಲೂ ಅದೇ. ಮುರುಮಕ್ಕೆ ಹೋದೆವು. ಅಲ್ಲಿ ಕಿರಾಣಿ ಅಂಗಡಿಯ ಅಮೃತಪ್ಪ ಪುಟಗಳನ್ನು ತಿರುವಿ ಕೂಡ ನೋಡಿಬಿಟ್ಟಿದ್ದರು. ಚಷ್ಮಾ ಮೇಲಕ್ಕೆತ್ತಿ ನನ್ನನ್ನು ನೋಡಿದರು.

“ಗೊಂಬಿ ಲಗ್ನ ಅಂತ ಕಾಣ್ತದಲ್ಲ ತಂಗಿ?”

“ತಪ್ಪಿ ಬಂದದ್ರಿ. ದಯಮಾಡಿ ತಿರುಗಿ ಕೊಡ್ರಿ.”

“ಅದ್ಹ್ಯಾಂಗ ಕೊಡಾಕ ಬರ್ತದ?” ಅವರು ಪುಸ್ತಿಕೆಯನ್ನು ಅಂಗಿಯ ಒಳಜೇಬಿಗೆ ಇಳಿಬಿಟ್ಟರು. “ಅಯ್ಯನವರ ಕೈಯಿಂದ ಅಕ್ಷತಿ ತಗೊಂಡೀವಿ. ಮನಿಗಿ ಬಂದ ಕರೆ ತಿರುಗಿ ಕೊಟ್ರ ನಮ್ಮ ಮನಿಗೂ ಚಲೋದಲ್ಲ, ನಿಮ್ಮ ಮನಿಗೂ ಚಲೋದಲ್ಲ. ಮನ್ಮಥಪ್ಪನವ್ರು ಕರದಾರ ಅಂದ ಮ್ಯಾಲ ಬರ್ತೀವಿ.”

ಯೆಣೆಗೂರದ ರಸ್ತೆಯ ಚಹಾದ ಅಂಗಡಿಯಲ್ಲಿ ಕೊನೆಗೆ ರಾಚಯ್ಯನವರು ಸಿಕ್ಕರು. ಬಸಿಯಲ್ಲಿ ಚಹಾ ಸುರುವಿಕೊಂಡು ಆರಾಮ ಕೂತಿದ್ದರು. ಜೋಳಿಗೆ ಬರಿದಾಗಿತ್ತು.

“ಎಲ್ಲಾ ಮುಟ್ಟಿಸಿದೆನವ್ವ. ಒಂದೂ ಉಳೀಲಿಲ್ಲ,” ಎಂದರು ಮುಖ ಅರಳಿಸಿ.

ಆ ಮುಖ ನೋಡಿ ಬೈಯುವುದು ಹೇಗೆ? ನಾನು ಪಾದಕ್ಕೆ ಹಣೆ ಮುಟ್ಟಿಸಿ ಎದ್ದೆ. ಅವರು ತಲೆಯ ಮೇಲೆ ಕೈಯಿಟ್ಟು ಹರಸಿದರು. ಮಾಮಾ ನನ್ನ ಮುಖ ನೋಡುವ ಧೈರ್ಯವಿಲ್ಲದೆ ನಿಲಂಗಾದ ಮೋಟಾರು ಹತ್ತಿದ, ನಾನು ಸೊಲ್ಲಾಪುರದ್ದು ಹತ್ತಿದೆ.

ಪ್ರದರ್ಶನದ ಮೊದಲನೆಯ ದಿನವನ್ನು ನೆನೆಯಲು ನನಗೆ ಈಗಲೂ ಇಷ್ಟವಿಲ್ಲ. ನಮ್ಮ ಮನೆಯವರೂ ದಿಗಂಬರ ಕಾಕಾನೂ ಮುಂಚಿತವಾಗಿ ಹೋಗಿ ಸಾಮಾನು ಚೆಂದ ಜೋಡಿಸಿಟ್ಟಿದ್ದರು. ಒಬ್ಬ ಪುಣೆಯ ವ್ಯಾಪಾರಿ ಬಂದು ಗೊಂಬೆಯನ್ನು ತಿರುವಿ ತಿರುವಿ ನೋಡಿದ. “ಕ್ಯಾಟಲಾಗು?” ಎಂದ. ಇಲ್ಲ ಎಂದೆವು. ಗೊಂಬೆ ಇಟ್ಟು ಪಕ್ಕದ ತಗಡಿನ ಮೋಟಾರಿನ ಅಂಗಡಿಗೆ ನಡೆದ. ಅವನ ಹಿಂದೆ ಬಂದವರದೂ ಅದೇ ಪ್ರಶ್ನೆ. ನಮ್ಮ ಮನೆಯವರು ಒಂದು ರಟ್ಟಿನ ಮೇಲೆ ದರ ಬರೆದು ನೇತುಹಾಕಿದರು. ಯಾರು ನೋಡುತ್ತಾರೆ? ಸಂಜೆಗೆ ಕಾಕಾ ಬುಗುರಿಯೊಂದನ್ನು ಸುಮ್ಮನೆ ತಿರುಗಿಸುತ್ತ ಕೂತ. ತೊಗರಿ ಚೀಲಗಳು ನನ್ನ ಹೊಲಿಗೆ ಯಂತ್ರದ ಮೇಲೆ ಬಿದ್ದಂತೆಯೇ ಎನ್ನಿಸಿತು ನನಗೆ.

ಎರಡನೆಯ ದಿನ ಬಿಸಿಲೇರುವ ಹೊತ್ತಿಗೆ ಬಾಗಿಲ ಕಡೆ ಗದ್ದಲ ಕೇಳಿಸಿತು. ಕತ್ತೆತ್ತಿದೆ. ರುಮಾಲು ಸುತ್ತಿದ ಹಿರಿಯರು, ಇಳಕಲ್ ಸೀರೆಯುಟ್ಟ ಹೆಂಗಸರು, ಅವರ ಕಾಲಕಾಲಿಗೆ ಮಕ್ಕಳು. ಉಮರಗಾದ ಅರಿವೆ ಅಂಗಡಿಯವರು. ವಲಾಂಡಿಯ ಗೌಡರ ಮನೆಯವರು. ಮುರುಮದ ಅಮೃತಪ್ಪ, ಹೆಂಡತಿ ಸಮೇತ, ಕೈಯಲ್ಲಿ ಲಗ್ನದ ಮುಯ್ಯಿಗೆಂದು ತಂದ ಆಹೇರದ ಸೀರೆಯ ಗಂಟು. ಎಲ್ಲರ ಕೈಯಲ್ಲೂ ಮೂಲೆ ಹಳದಿಯಾದ ನನ್ನ ಕ್ಯಾಟಲಾಗು. ಸಕುಟುಂಬ ಸಪರಿವಾರ ಬನ್ನಿ ಎಂದು ಅಚ್ಚು ಹಾಕಿಸಿದ್ದೆನಲ್ಲ, ಸಕುಟುಂಬ ಸಪರಿವಾರವೇ ಬಂದಿದ್ದರು.

ಸಂತೋಷದಿಂದ ನನ್ನ ಕೈಕಾಲು ನಿಲ್ಲಲಿಲ್ಲ. ಮಕ್ಕಳು ಬಂಡಿಗಳನ್ನು ನೆಲಕ್ಕಿಳಿಸಿ ಓಡಿಸಿದರು. ಪಕ್ಕದ ಅಂಗಡಿಯವನು ತನ್ನ ಮೋಟಾರು ಬಿಟ್ಟು ನಮ್ಮ ಕಡೆ ಬಗ್ಗಿ ನೋಡಿದ. ಗೌಡರು ಮೊಮ್ಮಕ್ಕಳಿಗೆಂದು ದರ ಕೂಡ ಕೇಳದೆ ಮೂರು ಗೊಂಬೆ ಕೊಂಡರು. ಆಗಲೇ ಮಾವನ ಮಾತು ನೆನಪಾಯಿತು. ಇವರೆಲ್ಲ ಮುಲಾಜಿನವರು. ಎಷ್ಟು ಕೊಂಡರೂ ಅದು ಲೆಕ್ಕಕ್ಕಿಲ್ಲ.

ಅಷ್ಟರಲ್ಲಿ ಅಮೃತಪ್ಪ ಒಂದು ಬಂಡಿಯನ್ನು ಬೋರಲು ಹಿಡಿದು ಗಾಲಿ ತಿರುವುತ್ತಿದ್ದರು. “ಗಾಲಿ ಬಿಗಿ ಅದ,” ಎಂದರು.

“ಕೀಲೆಣ್ಣಿ ಹಚ್ಚಿದ್ರ ಸಡಿಲಾಗ್ತದ್ರಿ. ಸಡಿಲ ಇದ್ದದ್ದು ಬಿಗಿ ಆಗಂಗಿಲ್ಲ.”

“ದರ ಹೆಚ್ಚಾತು. ಬಾಜೂದವ ತಗಡಿನ ಮೋಟಾರ ಇದಕ್ಕಿಂತ ಸೋವಿ ಕೊಡ್ತಾನ.”

“ಕೊಡ್ಲಿ. ಒಂದು ಮಳಿಗಿ ಜಂಗ ಹಿಡದು ಕೂಸಿನ ಕೈ ಕೊಯ್ತದ. ನಮ್ಮ ಬಂಡಿ ಮ್ಯಾಲ ಕೂಸು ಕುಂತ್ರೂ ಮುರಿಯಂಗಿಲ್ಲ.”

ಅಮೃತಪ್ಪ ಬಂಡಿಯನ್ನು ನೆಲಕ್ಕಿಟ್ಟು ಚಪ್ಪಲಿ ಕಳಚಿ ತಮ್ಮ ಕಾಲನ್ನೇ ಅದರ ಮೇಲಿಟ್ಟು ಒತ್ತಿದರು. ದಿಗಂಬರ ಕಾಕಾ ಕಣ್ಣು ಮುಚ್ಚಿಕೊಂಡ. ಬಂಡಿ ಕಿರ್ರೆನ್ನಲಿಲ್ಲ. ಆಮೇಲೆ ಗೊಂಬೆಯ ಕೈ ಎಳೆದರು, ಹೊಲಿಗೆ ಜಗ್ಗಿ ನೋಡಿದರು, ಒಂದರ ಮೂಗುತಿಯ ದಾರ ಸಡಿಲಾಗಿದೆ ಎಂದು ಬದಿಗಿಟ್ಟರು. ಮತ್ತೆ ದರ. ಇಳಿಸು ಎಂದರು, ಇಳಿಸುವುದಿಲ್ಲ ಎಂದೆ. ಇನ್ನಷ್ಟು ಇಳಿಸು ಎಂದರು. ನನ್ನ ತಲೆ ಕೆಟ್ಟಿತು. ಸಿಟ್ಟಿನಲ್ಲಿ ಅವರ ಹೆಂಡತಿ ಕೊಟ್ಟಿದ್ದ ಆಹೇರದ ಗಂಟನ್ನು ಅವರ ಮುಂದಿಟ್ಟೆ.

“ಹಿರಿಯರು ಅಂತ ಸುಮ್ಮಕಿದ್ದೆ. ಈ ಸೀರಿ ಕೊಟ್ಟು ದರ ಇಳಸಾಕ ಬಂದೀರೇನು? ಇದನ್ನೂ ತಗೊಂಡು ಹೋಗ್ರಿ. ಬಂಡಿ ಬೇಕಾದ್ರ ನನ್ನ ದರಕ್ಕ ಒಯ್ರಿ, ಬ್ಯಾಡಾದ್ರ ಬಿಡ್ರಿ.”

ನಮ್ಮ ಮನೆಯವರು ತಲೆ ತಗ್ಗಿಸಿದರು. ಅಮೃತಪ್ಪ ಅಂಗಿಯ ಜೇಬಿನಿಂದ ಕ್ಯಾಟಲಾಗು ತೆಗೆದು, ಪೆನ್ಸಿಲಿನಿಂದ ಪುಟಪುಟದ ಮೇಲೂ ಗೀಟು ಹಾಕುತ್ತ ಹೋದರು.

“ಸೀರಿ ಇರ್ಲಿ, ಅದು ಬ್ಯಾರೆ ಮಾತು. ಬರಕೊ. ನಮ್ಮ ಕಡಿ ಕಬ್ಬಿನ ಗಾಣ ಸುರು ಆಗ್ಯಾವ, ಮಂದಿ ಕೈಯಾಗ ರೊಕ್ಕ ಅದ. ಬಂಡಿ, ಕುದುರಿ, ಗೊಂಬಿ ಜೋಡಿ, ಮೂರೂ ಬೇಕು. ಗೀಟು ಹಾಕಿದಷ್ಟು ಪ್ರತಿ ತಿಂಗಳ ಕಳಸಬೇಕು. ಒಂದರ ಗಾಲಿ ಹೋತಂದ್ರೂ ತಿರುಗಿ ಕಳಸ್ತೀನಿ, ನೆನಪಿರ್ಲಿ.”

ಬರೆದುಕೊಳ್ಳಲು ಕಾಗದ ಹುಡುಕುತ್ತ ತಿರುಗಿದರೆ ಹಿಂದೆ ಮಾವ ನಿಂತಿದ್ದರು.

ಯಾವಾಗ ಬಂದಿದ್ದರೋ. ವಲಾಂಡಿಯ ಗಿರಾಕಿಯೊಬ್ಬ ಉದಗೀರದ ಅಂಗಡಿಗೆ ಬಂದು, ನಿಮ್ಮ ಮನೆಯಲ್ಲಿ ಲಗ್ನವಂತೆ, ನಮಗೆ ಮೊದಲೇ ಹೇಳಲಿಲ್ಲವಲ್ಲ ಎಂದು ಕಾಗದ ತೋರಿಸಿದನಂತೆ. ತಮ್ಮ ಹೆಸರಿನಿಂದ ಕರೆ ಹೋದ ಮೇಲೆ ಕರೆದವನೇ ಇರದಿದ್ದರೆ ಹೇಗೆ? ಮಂದಿಯನ್ನು ಕರೆದು ಉಪವಾಸ ಕಳಿಸುವುದು ಅವರ ಮನೆತನಕ್ಕೆ ಗೊತ್ತಿಲ್ಲ. ಗೋಧಿ, ಬೆಲ್ಲ ಕಟ್ಟಿಕೊಂಡು ಬಂದು, ಗುರುತಿನ ಅಡತಿ ಅಂಗಡಿಯಲ್ಲಿ ಎಲ್ಲರಿಗೂ ಹುಗ್ಗಿ ಮಾಡಿಸಲು ಹಚ್ಚಿ ಇಲ್ಲಿಗೆ ಬಂದಿದ್ದರು. ಬಂದಾಗ ಸೊಸೆ ಕರೆದ ಅತಿಥಿಯ ಮೇಲೆ ಏರಿ ಹೋಗುತ್ತಿದ್ದಳು.

“ಮಾವಾರ, ಅದು ಛಾಪಖಾನಿಯಾಗ…” ಎಂದು ಶುರುಮಾಡಿದೆ.

ಅವರು ಕೈಯೆತ್ತಿ ನಿಲ್ಲಿಸಿದರು. ಬಗ್ಗಿ, ಅಮೃತಪ್ಪ ಕಾಲಿಟ್ಟ ಬಂಡಿಯನ್ನು ಎತ್ತಿಕೊಂಡು ಧೂಳು ಒರೆಸಿ ಗಾಲಿ ತಿರುಗಿಸಿದರು. ಬೋರಲು ಹಾಕಿ ಗಾಲಿಯ ಅಚ್ಚು ನೋಡಿದರು. ನಾಲ್ಕು ವರ್ಷದಿಂದ ಅದೇ ಕೋಲಿಯ ಮುಂದೆ ದಿನವೂ ಓಡಾಡಿದ ಮನುಷ್ಯ, ನಮ್ಮ ಒಂದು ಸಾಮಾನನ್ನು ಕೈಯಲ್ಲಿ ಹಿಡಿದದ್ದು ಆವತ್ತೇ.

“ಮುಲಾಜಿಗಿ ತಗೊಳ್ಳಾಂವ ಬಂಡಿ ಮ್ಯಾಲ ಕಾಲಿಟ್ಟು ನೋಡಂಗಿಲ್ಲ. ಇಷ್ಟು ಚೌಕಾಸೀನೂ ಮಾಡಂಗಿಲ್ಲ. ಗೌಡ್ರು ತಗೊಂಡಾರ ನೋಡು, ದರಾನೇ ಕೇಳಲಾರದ, ಅದು ಮುಲಾಜು,” ಎಂದರು. “ಇದು ಖರೇ ಆರ್ಡರ್.”

ಅಮೃತಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಸಿಟ್ಟಿಗೆ ಬಾರದ ಅಳು ಸಂತೋಷಕ್ಕೆ ಬರುತ್ತದೆಂದು ಆಗ ಗೊತ್ತಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದೆ:

“ಹಂಗಾರ ತೊಗರಿ ಎಲ್ಲಿ ಇಡ್ತೀರಿ ಮಾವಾರ?”

“ಪಡಸಾಲ್ಯಾಗ ಇಡೂಣು,” ಎಂದು ಮಾವ ಬಂಡಿಯನ್ನು ಮೊದಲಿದ್ದ ಜಾಗದಲ್ಲೇ ಸರಿಯಾಗಿಟ್ಟರು. “ಪಡಸಾಲಿ ನಿಮ್ಮ ಅತ್ತೀದು, ಅಕಿಗಿ ಮಾತ್ರ ನೀನೇ ಹೇಳಬೇಕು. ನನ್ನಿಂದ ಆಗಂಗಿಲ್ಲ.”